ಬೆಂಗಳೂರಿನಿಂದ ದೆಹಲಿಗೆ ಎಷ್ಟು ಹೊತ್ತು? ಸರಿಯಾದ ಲೆಕ್ಕಕ್ಕೆ 15 ಸೂತ್ರಗಳು

ಬೆಂಗಳೂರಿನಿಂದ ದೆಹಲಿ ಎಷ್ಟು ದೂರ ಎಂದು ಕೇಳಿ ನೋಡಿ. ರೈಲಿನಲ್ಲಿ ಓಡಾಡುವವರು ಸುಮಾರು 2,400 ಕಿ.ಮೀ. ಎನ್ನುತ್ತಾರೆ. ಹೆದ್ದಾರಿಯ ಲಾರಿ ಚಾಲಕರು 2,150ರ ಆಸುಪಾಸು ಎನ್ನುತ್ತಾರೆ. ವಿಮಾನದವರ ಲೆಕ್ಕ 1,700. ಮೂವರದೂ ಸರಿಯೇ. ಆದರೆ ನಾಳೆ ಬೆಳಿಗ್ಗೆ 11ಕ್ಕೆ ದೆಹಲಿಯಲ್ಲಿ ಸಂದರ್ಶನವಿದೆ ಎನ್ನುವವರಿಗೆ ಈ ಮೂರೂ ಅಂಕಿಗಳಿಂದ ಕೆಲಸ ಆಗುವುದಿಲ್ಲ. ಟಿಕೆಟ್‌ನಲ್ಲಿ ಕಾಣುವ ‘ಎರಡು ಮುಕ್ಕಾಲು ಗಂಟೆ’ಯನ್ನು ನಂಬಿ ಹೊರಟರೂ ಕಷ್ಟವೇ. ದೂರ ನಕ್ಷೆಯ ಲೆಕ್ಕ, ಹಾರಾಟದ ಅವಧಿ ವಿಮಾನ ಕಂಪನಿಯ ಲೆಕ್ಕ. ಪ್ರಯಾಣಿಕರ ಲೆಕ್ಕ ಶುರುವಾಗುವುದು ಮನೆಗೆ ಬೀಗ ಹಾಕಿದಾಗ, ಮುಗಿಯುವುದು ಹೋಗಬೇಕಾದ ಬಾಗಿಲಲ್ಲಿ ನಿಂತಾಗ. ಆ ಲೆಕ್ಕ ತಪ್ಪದಂತೆ ಹಾಕಲು 15 ಸೂತ್ರಗಳು ಇಲ್ಲಿವೆ. ಬೆಂಗಳೂರು–ದೆಹಲಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ, ಬೇಕೆನಿಸಿದಾಗ ಬೇರೆ ಊರುಗಳಿಗೂ ಹೋಗಿ ಬರೋಣ.

1. ಯಾವ ದೂರ ಎಂದು ಮೊದಲು ಕೇಳಿ

ಎರಡು ಊರುಗಳ ನಡುವೆ ಕನಿಷ್ಠ ನಾಲ್ಕು ದೂರಗಳಿರುತ್ತವೆ: ರಸ್ತೆಯದು, ರೈಲಿನದು, ಊರಿನ ನಡುವಿಂದ ಊರಿನ ನಡುವಿಗೆ ಎಳೆದ ನೇರ ಗೆರೆಯದು, ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಇರುವುದು. ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ, ಮನ್ಮಾಡ್, ಭೋಪಾಲ್, ಝಾನ್ಸಿ ಸುತ್ತಿಕೊಂಡು ಹೋಗುವುದರಿಂದ ರೈಲಿನ ದೂರ ಎಲ್ಲಕ್ಕಿಂತ ಹೆಚ್ಚು. ಊರ ನಡುವಿನಿಂದ ಅಳೆದರೆ ಬಾನುದಾರಿ ಸುಮಾರು 1,740 ಕಿ.ಮೀ. ವಿಮಾನ ನಿಲ್ದಾಣಗಳ ನಡುವೆ ಅಳೆದರೆ 1,700ರಷ್ಟು. ಈ 40 ಕಿ.ಮೀ. ಉಳಿಯಲು ಕಾರಣವಿದೆ. ಇಲ್ಲಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ, ಅಲ್ಲಿನ ನಿಲ್ದಾಣವಿರುವ ಪಾಲಂ ದೆಹಲಿಯ ನೈಋತ್ಯಕ್ಕಿದೆ. ಎರಡು ನಿಲ್ದಾಣಗಳೂ ಒಂದರ ಕಡೆ ಇನ್ನೊಂದು ಸರಿದು ನಿಂತಿವೆ. ವಿಮಾನಕ್ಕೆ ಉಳಿದ ಈ ದಾರಿಯನ್ನು ನೀವು ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಕ್ರಮಿಸಲೇಬೇಕು ಎಂಬುದು ನೆನಪಿರಲಿ. ಅಂಕಿಯೊಂದು ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಎಂದು ನೋಡಿಕೊಳ್ಳಿ.

2. ಗೋಡೆಯ ನಕ್ಷೆ ಬಿಡಿ, ಗ್ಲೋಬ್ ಹಿಡಿಯಿರಿ

ಭೂಮಿ ಗುಂಡಗಿದೆ, ಗೋಡೆಯ ನಕ್ಷೆ ಚಪ್ಪಟೆಯಾಗಿದೆ. ಬೆಂಗಳೂರು–ದೆಹಲಿ ಮಟ್ಟಿಗೆ ಇದರಿಂದ ತೊಂದರೆಯಿಲ್ಲ. ಎರಡೂ ಊರುಗಳು ಹೆಚ್ಚುಕಡಿಮೆ 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲೇ ಇವೆ, ದಾರಿ ನೆಟ್ಟಗೆ ಉತ್ತರಕ್ಕೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಷಯ ಹಾಗಲ್ಲ. ನಕ್ಷೆ ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕೆನಿಸುತ್ತದೆ. ಗ್ಲೋಬ್ ಮೇಲೆ ಎರಡೂ ಊರುಗಳಿಗೆ ಒಂದು ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಹೀಗೆಯೇ ಧ್ರುವ ಪ್ರದೇಶ ದಾಟಿ, ಸುಮಾರು 14,000 ಕಿ.ಮೀ.ಯನ್ನು 17 ಗಂಟೆಗಳ ಆಸುಪಾಸಿನಲ್ಲಿ ಕ್ರಮಿಸಿ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿದಂತೆ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ದೂರದ ದೇಶಕ್ಕೆ ಹೊರಟಾಗ ‘ಇದೇಕೆ ಹೀಗೆ ಸುತ್ತಿಕೊಂಡು ಹೋಗುತ್ತಿದೆ’ ಎನಿಸಿದರೆ ಗಾಬರಿ ಬೇಡ. ಬಹಳ ಸಲ ಅದೇ ಹತ್ತಿರದ ದಾರಿ.

3. 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ

ಹಾರಾಟದ ಅವಧಿ ಅಂದಾಜು ಮಾಡಲು ಯಾವ ಆ್ಯಪ್ ಕೂಡ ಬೇಕಿಲ್ಲ. ಬಾನುದಾರಿಯ ಕಿ.ಮೀ.ಯನ್ನು 800ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಏರಲು, ಇಳಿಯಲು, ನೆಲದ ಮೇಲೆ ಉರುಳಲು 40 ನಿಮಿಷ ಸೇರಿಸಿ.

ದೆಹಲಿಗೆ 1,700 ಕಿ.ಮೀ.: ಎರಡು ಗಂಟೆ ಎಂಟು ನಿಮಿಷಕ್ಕೆ 40 ಕೂಡಿದರೆ ಎರಡು ಮುಕ್ಕಾಲು ಗಂಟೆಯ ಸಮೀಪ.
ಮುಂಬೈಗೆ ಸುಮಾರು 830 ಕಿ.ಮೀ.: ಒಂದು ಮುಕ್ಕಾಲು ಗಂಟೆಯ ಸಮೀಪ.
ದುಬೈಗೆ ಸುಮಾರು 2,700 ಕಿ.ಮೀ.: ನಾಲ್ಕು ಗಂಟೆ.
ಮಂಗಳೂರಿಗೆ ಸುಮಾರು 300 ಕಿ.ಮೀ.: ಒಂದು ಗಂಟೆ.

ವೇಳಾಪಟ್ಟಿ ತೆಗೆದು ತಾಳೆ ನೋಡಿ, ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವುದು ಅಪರೂಪ. ಹತ್ತು ಗಂಟೆ ಮೀರುವ ಪಯಣಕ್ಕೆ ಮಾತ್ರ 800ರ ಬದಲು 850 ಹಿಡಿಯಿರಿ. ದೊಡ್ಡ ವಿಮಾನಗಳು ಸ್ವಲ್ಪ ಹೆಚ್ಚು ವೇಗವಾಗಿ, ಬಹಳ ಹೊತ್ತು ಒಂದೇ ಎತ್ತರದಲ್ಲಿ ಹಾರುತ್ತವೆ. ಈ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಮಂಗಳೂರಿನ ಹಾರಾಟದಲ್ಲಿ ಆ 40 ನಿಮಿಷವೇ ದೊಡ್ಡ ಪಾಲು. ದೂರ ಕಡಿಮೆಯಾದಷ್ಟೂ ವಿಮಾನದ ವೇಗದಿಂದ ಸಿಗುವ ಲಾಭವೂ ಕಡಿಮೆ.

4. ಟಿಕೆಟ್‌ನ ಸಮಯ ಆಕಾಶದ ಸಮಯವಲ್ಲ

ಟಿಕೆಟ್‌ನಲ್ಲಿರುವ ಹೊರಡುವ ಹೊತ್ತು ವಿಮಾನ ನೆಲ ಬಿಡುವ ಹೊತ್ತಲ್ಲ, ನಿಂತ ಜಾಗದಿಂದ ಕದಲುವ ಹೊತ್ತು. ತಲುಪುವ ಹೊತ್ತೂ ಚಕ್ರ ನೆಲ ಮುಟ್ಟುವುದಲ್ಲ, ಮತ್ತೆ ನಿಲುಗಡೆಗೆ ಬಂದು ನಿಲ್ಲುವುದು. ಈ ಪೂರ್ತಿ ಅವಧಿಗೆ ವಿಮಾನಯಾನದವರು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ಇದರೊಳಗೆ ರನ್‌ವೇ ತುದಿಯಲ್ಲಿ ಸರದಿ ಕಾಯುವುದೂ ಸೇರಿದೆ. ದೆಹಲಿಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದ ಮೇಲಿನ ದಾರಿಯೂ ಚಿಕ್ಕದಲ್ಲ. ಅಲ್ಲಿ 2023ರ ಜುಲೈನಲ್ಲಿ ನಾಲ್ಕನೇ ರನ್‌ವೇ ಜೊತೆಗೆ ಎತ್ತರಿಸಿದ ಟ್ಯಾಕ್ಸಿವೇ ಒಂದನ್ನು ತೆರೆದರು. ಮೂರನೇ ರನ್‌ವೇಯಲ್ಲಿ ಇಳಿದ ವಿಮಾನ ಒಂದನೇ ಟರ್ಮಿನಲ್‌ಗೆ ಬರಲು ಅದಕ್ಕೂ ಮೊದಲು ಸುಮಾರು 9 ಕಿ.ಮೀ. ಉರುಳಬೇಕಿತ್ತು, ಈಗ 2 ಕಿ.ಮೀ. ಸಾಕು.

ಕಂಪನಿಗಳು ವೇಳಾಪಟ್ಟಿಗೆ ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನೂ ಸೇರಿಸಿರುತ್ತವೆ. ನಿಗದಿತ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ಲೆಕ್ಕದಲ್ಲಿ ಅದು ‘ಸರಿಯಾದ ಸಮಯ’ವೇ. ‘ನಿಗದಿಗಿಂತ ಮೊದಲೇ ತಲುಪಿದ್ದೇವೆ’ ಎಂಬ ಪ್ರಕಟಣೆ ಆಗಾಗ ಕೇಳಿಬರುವುದರ ಗುಟ್ಟು ಆ ಹೆಚ್ಚುವರಿ ನಿಮಿಷಗಳೇ. ಹಾಗೆ ಸಿಕ್ಕ ನಿಮಿಷಗಳನ್ನು ಲಾಭ ಎಂದುಕೊಳ್ಳಿ, ನಿಮ್ಮ ಯೋಜನೆಯಲ್ಲಿ ಅವನ್ನು ಎಣಿಸಬೇಡಿ.

5. ಬಾಗಿಲಿನಿಂದ ಬಾಗಿಲಿಗೆ ಐದು ತುಂಡು ಮಾಡಿ

ಇಡೀ ಲೆಕ್ಕದ ಜೀವಾಳ ಇಲ್ಲಿದೆ. ಜಯನಗರದ ಮನೆಯಿಂದ ದೆಹಲಿಯ ಕನಾಟ್ ಪ್ಲೇಸ್‌ಗೆ ಹೊರಟಿದ್ದೀರಿ ಎಂದುಕೊಳ್ಳಿ.

ಮನೆಯಿಂದ ದೇವನಹಳ್ಳಿ: ಹಗಲಾದರೆ ಒಂದೂವರೆಯಿಂದ ಎರಡು ಗಂಟೆ. ಹೆಬ್ಬಾಳದ ಮೇಲ್ಸೇತುವೆ ಅವತ್ತು ಯಾವ ಮೂಡಿನಲ್ಲಿದೆ ಎಂಬುದರ ಮೇಲೆ ಇದು ನಿಂತಿದೆ.
ಚೆಕ್‌ಇನ್, ಭದ್ರತಾ ತಪಾಸಣೆ, ಗೇಟಿನ ಬಳಿ ಕಾಯುವುದು: ಒಂದೂವರೆ ಗಂಟೆ.
ಬ್ಲಾಕ್ ಟೈಮ್: ಎರಡು ಮುಕ್ಕಾಲು ಗಂಟೆ.
ವಿಮಾನದಿಂದ ಹೊರಬಂದು ಲಗೇಜು ಹಿಡಿಯುವುದು: ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.
ದೆಹಲಿಯ ಒಳಗಿನ ದಾರಿ: ಮುಕ್ಕಾಲು ಗಂಟೆ.

ಕೂಡಿದರೆ ಏಳರಿಂದ ಏಳೂಮುಕ್ಕಾಲು ಗಂಟೆ. ವಿಮಾನದಲ್ಲಿ ಕೂತಿರುವುದು ಅದರಲ್ಲಿ ಅರ್ಧಕ್ಕಿಂತಲೂ ಕಡಿಮೆ! ಉಳಿದದ್ದೆಲ್ಲ ನೆಲದ ಮೇಲಿನ ಕಾಲ. ಆದ್ದರಿಂದ ಹತ್ತು ನಿಮಿಷ ಬೇಗ ತಲುಪುವ ವಿಮಾನ ಹುಡುಕಿ ಒದ್ದಾಡುವುದಕ್ಕಿಂತ ಹೆಬ್ಬಾಳ ಖಾಲಿಯಿರುವ ಹೊತ್ತನ್ನು ಹುಡುಕುವುದು ಲಾಭ. ಒಮ್ಮೆ ಈ ಐದು ಸಾಲುಗಳನ್ನು ನಿಮ್ಮ ಬಡಾವಣೆಗೆ ತಕ್ಕಂತೆ ಬರೆದಿಟ್ಟುಕೊಂಡರೆ ಮುಂದಿನ ಪ್ರಯಾಣಗಳಿಗೂ ಬರುತ್ತದೆ. ಯಲಹಂಕದವರ ಮೊದಲ ಸಾಲು ಅರ್ಧ ಗಂಟೆ, ಎಲೆಕ್ಟ್ರಾನಿಕ್ ಸಿಟಿಯವರದು ಎರಡು ಗಂಟೆ ದಾಟೀತು. ಒಂದೇ ವಿಮಾನ, ಒಂದೇ ಸೀಟಿನ ಸಾಲು, ಆದರೂ ಇಬ್ಬರಿಗೂ ದೆಹಲಿ ಬೇರೆ ಬೇರೆ ದೂರದಲ್ಲಿದೆ.

6. ಲೆಕ್ಕವನ್ನು ಕೊನೆಯಿಂದ ಶುರು ಮಾಡಿ

‘ಎಷ್ಟು ಗಂಟೆಗೆ ವಿಮಾನವಿದೆ’ ಎಂದು ಶುರು ಮಾಡಬೇಡಿ. ‘ಎಷ್ಟು ಗಂಟೆಗೆ ಅಲ್ಲಿರಬೇಕು’ ಎಂದು ಶುರು ಮಾಡಿ. ಕನಾಟ್ ಪ್ಲೇಸ್‌ನಲ್ಲಿ 11ಕ್ಕೆ ಸಂದರ್ಶನ. ಅರ್ಧ ಗಂಟೆ ಮೊದಲೇ, ಅಂದರೆ 10.30ಕ್ಕೆ ಅಲ್ಲಿರಬೇಕು. ಮುಕ್ಕಾಲು ಗಂಟೆಯ ದಾರಿ, ಅರ್ಧ ಗಂಟೆ ಲಗೇಜಿಗೆ: ವಿಮಾನ 9.15ಕ್ಕೆ ಬಂದು ನಿಂತಿರಬೇಕು. ಹಾಗಾದರೆ ಬೆಂಗಳೂರು ಬಿಡಬೇಕಾದದ್ದು 6.30ಕ್ಕೆ. ನಿಲ್ದಾಣದಲ್ಲಿರಬೇಕಾದದ್ದು 5ಕ್ಕೆ. ನಸುಕಿನಲ್ಲಿ ರಸ್ತೆ ಖಾಲಿಯಿದ್ದರೂ ಜಯನಗರ ಬಿಡಬೇಕಾದದ್ದು 4ರೊಳಗೆ, ಏಳಬೇಕಾದದ್ದು 3ಕ್ಕೆ. ವಿಮಾನ ಒಂದು ಗಂಟೆ ತಡವಾದರೆ ಇಡೀ ಲೆಕ್ಕ ಬಿದ್ದುಹೋಗುತ್ತದೆ. ಹೀಗೆ ಬರೆದು ನೋಡಿದ ಮೇಲೆ ಹಿಂದಿನ ಸಂಜೆಯೇ ಹೋಗಿ ಅಲ್ಲೇ ಮಲಗುವುದು ದುಂದುವೆಚ್ಚ ಎನಿಸುವುದಿಲ್ಲ. ಪರೀಕ್ಷೆ, ಸಂದರ್ಶನ, ವೀಸಾ ಕಚೇರಿಯ ಭೇಟಿ, ಕೋರ್ಟಿನ ಕಲಾಪ ಇಂಥವಕ್ಕೆ ಅದೇ ದಿನದ ವಿಮಾನ ಬೇಡವೇ ಬೇಡ.

7. 500 ಕಿ.ಮೀ. ಒಳಗಿದ್ದರೆ ರೈಲನ್ನೂ ತೂಗಿ ನೋಡಿ

ಹುಬ್ಬಳ್ಳಿಗೆ ಬಾನುದಾರಿ ಸುಮಾರು 370 ಕಿ.ಮೀ., ಹಾರಾಟ ಒಂದು ಗಂಟೆ ಚಿಲ್ಲರೆ. ಐದು ತುಂಡಿನ ಲೆಕ್ಕ ಹಾಕಿದರೆ ಮಲ್ಲೇಶ್ವರದಿಂದ ಹುಬ್ಬಳ್ಳಿಯ ಮನೆಗೆ ಐದು ಗಂಟೆ ಹತ್ತಿರ ಆಗುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಹುಬ್ಬಳ್ಳಿ ಮುಟ್ಟಿಸಲು ತೆಗೆದುಕೊಳ್ಳುವುದು ಸುಮಾರು ಆರು ಗಂಟೆ. ವ್ಯತ್ಯಾಸ ಒಂದೆರಡು ಗಂಟೆಯಷ್ಟೇ. ಚೆನ್ನೈಗೂ ಹೆಚ್ಚುಕಡಿಮೆ ಇದೇ ಕತೆ: ಬಾನುದಾರಿ 270 ಕಿ.ಮೀ., ರೈಲಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ, ವಿಮಾನದಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಷ್ಟೇ ಹೊತ್ತು.

ಹಾಗೆಂದು ಮಂಗಳೂರಿಗೂ ಇದೇ ಸೂತ್ರ ಹಚ್ಚಬೇಡಿ. ಬಾನುದಾರಿಯಲ್ಲಿ ಅದು ಚೆನ್ನೈಗಿಂತ ಕೇವಲ 30 ಕಿ.ಮೀ. ದೂರ. ಆದರೆ ನಡುವೆ ಪಶ್ಚಿಮ ಘಟ್ಟವಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಳಿಯಲ್ಲಿ ಸುರಂಗ, ಸೇತುವೆ, ತಿರುವುಗಳನ್ನು ದಾಟುತ್ತ ರೈಲು ನಿಧಾನಕ್ಕೆ ಇಳಿಯಬೇಕು. ಒಟ್ಟು ಪಯಣ ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ. ರಸ್ತೆಯಲ್ಲಿ ಹೋದರೆ ಶಿರಾಡಿ ಘಾಟಿ, ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯ ಬೇರೆ. ಅಲ್ಲಿ ವಿಮಾನ ನಿಜಕ್ಕೂ ಅರ್ಧ ದಿನ ಉಳಿಸುತ್ತದೆ. ಕಿ.ಮೀ. ಒಂದೇ ಇದ್ದರೂ ನಡುವೆ ಬಯಲಿದೆಯೋ ಬೆಟ್ಟವಿದೆಯೋ ಎಂಬುದು ಗಂಟೆಯನ್ನು ತೀರ್ಮಾನಿಸುತ್ತದೆ.

8. ಗಾಳಿ ಯಾವ ಕಡೆಗೆಂದು ತಿಳಿದಿರಲಿ

ಹೋಗುವಾಗ ಒಂದು ಅವಧಿ, ಬರುವಾಗ ಇನ್ನೊಂದು ಅವಧಿ ಇದ್ದರೆ ಅಚ್ಚು ತಪ್ಪಾಗಿದೆ ಎಂದುಕೊಳ್ಳಬೇಡಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಪಟ್ಟಿಗಳಿವೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಹೊಳೆಯಲ್ಲಿ ದೋಣಿ ಹರಿವಿನ ಜೊತೆಗೆ ಹೋದಂತೆ ಪೂರ್ವಕ್ಕೆ ಹೊರಟ ವಿಮಾನ ಬೇಗ ಮುಟ್ಟುತ್ತದೆ. ಪಶ್ಚಿಮಕ್ಕೆ ಹೊರಟದ್ದು ಎದುರುಗಾಳಿಗೆ ಸಿಕ್ಕಿ ತಡವಾಗುತ್ತದೆ. ಲಂಡನ್‌ನಿಂದ ಬೆಂಗಳೂರಿಗೆ ಬರುವ ಅವಧಿ ಇಲ್ಲಿಂದ ಅಲ್ಲಿಗೆ ಹೋಗುವುದಕ್ಕಿಂತ ಅರ್ಧ ಮುಕ್ಕಾಲು ಗಂಟೆ ಕಡಿಮೆ ಇರುವುದು ಇದರಿಂದಲೇ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಹಿಂಗಾಳಿಯ ಬಲದಿಂದ ನ್ಯೂಯಾರ್ಕ್–ಲಂಡನ್ ದಾರಿಯನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿ ಸುದ್ದಿಯಾಗಿತ್ತು. ಉತ್ತರ ಭಾರತದ ಮೇಲೆ ಈ ಗಾಳಿ ಜೋರಾಗುವುದು ಚಳಿಗಾಲದಲ್ಲಿ. ಬೆಂಗಳೂರು–ದೆಹಲಿ ದಾರಿ ಉತ್ತರ–ದಕ್ಷಿಣವಾದ್ದರಿಂದ ಗಾಳಿ ಪಕ್ಕಕ್ಕೆ ಬಡಿಯುತ್ತದೆ, ಹೋಗಿಬರುವ ಅವಧಿಯಲ್ಲಿ ದೊಡ್ಡ ಅಂತರ ಬೀಳುವುದಿಲ್ಲ.

9. ಋತು ನೋಡಿ ಹೊತ್ತು ಆರಿಸಿ

ಸಾಮಾನ್ಯವಾಗಿ ದಿನದ ಮೊದಲ ವಿಮಾನ ಒಳ್ಳೆಯದು. ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಓಡಾಡುವುದರಿಂದ ಬೆಳಗಿನ ಹತ್ತು ನಿಮಿಷದ ತಡ ರಾತ್ರಿ ಹೊತ್ತಿಗೆ ಒಂದು ಗಂಟೆಯಾಗಿರುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಹೊರಟವರು ಈ ನಿಯಮವನ್ನು ತಿರುಗಿಸಿಕೊಳ್ಳಬೇಕು. ಅಲ್ಲಿನ ದಟ್ಟ ಮಂಜು ಬೆಳಗಿನ ಜಾವಕ್ಕೆ ಹೆಚ್ಚು, ಬಿಸಿಲು ಏರಿದಂತೆ ಕರಗುತ್ತದೆ. ಮಂಜಿನಲ್ಲಿ ಇಳಿಯಲು ರನ್‌ವೇಯಲ್ಲಿ ಉಪಕರಣವಿದ್ದರೆ ಸಾಲದು. ವಿಮಾನಕ್ಕೂ ಆ ಸಾಮರ್ಥ್ಯ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಆದ್ದರಿಂದ ಆ ಎರಡು ತಿಂಗಳು ಮಧ್ಯಾಹ್ನ 12ರಿಂದ 4ರ ನಡುವೆ ದೆಹಲಿ ಮುಟ್ಟುವ ವಿಮಾನ ಹಿಡಿಯಿರಿ. ಮೇ, ಜೂನ್‌ನಲ್ಲಿ ಅಲ್ಲಿ ಸಂಜೆಯ ದೂಳುಗಾಳಿಯ ಕಾಟ, ಆಗ ಬೆಳಗಿನದೇ ಮೇಲು.

10. ನಡುವೆ ಇಳಿಯುವುದಿದ್ದರೆ ಒಂದೇ ಟಿಕೆಟ್ ಮಾಡಿಸಿ

ಬೆಂಗಳೂರಿನಿಂದ ದೆಹಲಿಗೆ ಒಂದು, ದೆಹಲಿಯಿಂದ ಮುಂದಕ್ಕೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಕೊಂಡರೆ ನಾಲ್ಕು ಕಾಸು ಉಳಿಯಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಮಾತ್ರ ನಿಮ್ಮದೇ. ಒಂದೇ ಪಿಎನ್ಆರ್‌ನಲ್ಲಿದ್ದರೆ ಮುಂದಿನ ವ್ಯವಸ್ಥೆ ಕಂಪನಿಯ ಜವಾಬ್ದಾರಿ. ಟರ್ಮಿನಲ್ ಸಂಖ್ಯೆಯನ್ನೂ ನೋಡಿಕೊಳ್ಳಿ: ದೆಹಲಿಯ ಎರಡನೇ ಮತ್ತು ಮೂರನೇ ಟರ್ಮಿನಲ್‌ಗಳು ನಡೆಯುವಷ್ಟು ಹತ್ತಿರ, ಒಂದನೆಯದಕ್ಕೆ ಹೊರಗಿನ ರಸ್ತೆಯಲ್ಲಿ ವಾಹನದಲ್ಲೇ ಹೋಗಬೇಕು.

ಲಡಾಖ್‌ಗೆ ಹೊರಟವರಿಗೆ ಇನ್ನೊಂದು ಕಿವಿಮಾತು. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಬಲವಾಗುವುದರಿಂದ ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗಿನವು. ಬೆಂಗಳೂರಿನವರು ಬಹಳ ಸಲ ಹಿಂದಿನ ರಾತ್ರಿಯೇ ದೆಹಲಿ ಸೇರಬೇಕಾಗುತ್ತದೆ. ಕಿ.ಮೀ. ನೋಡಿ ‘ಒಂದೇ ದಿನದ ದಾರಿ’ ಎಂದುಕೊಂಡರೆ ಹೋಟೆಲ್ ಖರ್ಚು ಲೆಕ್ಕಕ್ಕೆ ಬಂದಿರುವುದಿಲ್ಲ.

11. ಗಡಿಯಾರದ ಅಂತರವನ್ನು ಅವಧಿ ಎಂದುಕೊಳ್ಳಬೇಡಿ

ಬೆಂಗಳೂರು ಬಿಡುವುದು 10.00ಕ್ಕೆ, ದುಬೈ ತಲುಪುವುದು 12.30ಕ್ಕೆ. ಎರಡೂವರೆ ಗಂಟೆಯ ದಾರಿಯೇ? ಅಲ್ಲ, ನಾಲ್ಕು ಗಂಟೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಬರುವಾಗ ಅದೇ ನಾಲ್ಕು ಗಂಟೆ ಟಿಕೆಟ್‌ನಲ್ಲಿ ಐದೂವರೆಯಂತೆ ಕಾಣುತ್ತದೆ. ಟಿಕೆಟ್‌ನಲ್ಲಿ ಪ್ರತಿ ಊರಿಗೂ ಆ ಊರಿನ ಹೊತ್ತನ್ನೇ ಹಾಕಿರುತ್ತಾರೆ. ಅಮೆರಿಕ, ಬ್ರಿಟನ್‌ಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನೇ ತಿರುಗಿಸುತ್ತಾರೆ. ಲಂಡನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಸ್ಯಾನ್ ಫ್ರಾನ್ಸಿಸ್ಕೊ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಗಳನ್ನೋ ಮೊಮ್ಮಗನನ್ನೋ ನೋಡಲು ಹೊರಟ ಹಿರಿಯರಿಗೆ ಟಿಕೆಟ್ ಮಾಡಿಸುವವರು ಒಟ್ಟು ಅವಧಿಯನ್ನು ಬೇರೆಯಾಗಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರೆ ಉಪಕಾರ. ಔಷಧಿ ಯಾವಾಗ ನುಂಗಬೇಕು ಎಂಬುದು ಆ ಅವಧಿಯ ಮೇಲೆ ನಿಂತಿದೆ.

12. ಮಧ್ಯರಾತ್ರಿಯ ತಾರೀಖನ್ನು ಎರಡು ಸಲ ಓದಿ

15ನೇ ತಾರೀಖು 00.40ರ ವಿಮಾನ ಎಂದರೆ 14ರ ರಾತ್ರಿ ಊಟ ಮಾಡಿ ಹೊರಡಬೇಕು. 15ರ ರಾತ್ರಿ ಹೋದರೆ ನಿಮ್ಮ ವಿಮಾನ ಹೋಗಿ ಸುಮಾರು 24 ಗಂಟೆಯಾಗಿರುತ್ತದೆ. ಕ್ಯಾಲೆಂಡರ್‌ನಲ್ಲಿ ಹಾರುವ ದಿನವನ್ನಲ್ಲ, ಮನೆ ಬಿಡುವ ದಿನವನ್ನು ಗುರುತು ಹಾಕಿ.

13. ಆಕಾಶಕ್ಕೂ ಬೇಲಿಯಿದೆ

ದೆಹಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಬಾನುದಾರಿ ಸುಮಾರು 1,600 ಕಿ.ಮೀ. ಅಂದರೆ ದೆಹಲಿಗೆ ಬೆಂಗಳೂರಿಗಿಂತ ತಾಷ್ಕೆಂಟ್ ಹತ್ತಿರ! ಆದರೆ 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬಳಿಕ, ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಇಂಡಿಗೊ ತನ್ನ ತಾಷ್ಕೆಂಟ್ ಮತ್ತು ಅಲ್ಮಾಟಿ ವಿಮಾನಗಳನ್ನೇ ನಿಲ್ಲಿಸಬೇಕಾಯಿತು. ಸುತ್ತಿ ಹೋಗುವಷ್ಟು ದೂರ ಆ ಕಂಪನಿಯ ವಿಮಾನಗಳ ಅಳವಿಗೆ ಮೀರಿದ್ದು. 2019ರಲ್ಲೂ ಬಾಲಾಕೋಟ್ ದಾಳಿಯ ನಂತರ ಫೆಬ್ರವರಿಯಿಂದ ಜುಲೈವರೆಗೆ ಇಂಥದೇ ಅಡ್ಡಿಯಿತ್ತು. 2022ರಿಂದ ರಷ್ಯಾದ ಆಕಾಶ ಅನೇಕ ಪಾಶ್ಚಾತ್ಯ ಕಂಪನಿಗಳಿಗೆ ಮುಚ್ಚಿದೆ. ವಿದೇಶ ಪ್ರಯಾಣಕ್ಕೆ ತಿಂಗಳುಗಳ ಮೊದಲೇ ಟಿಕೆಟ್ ಮಾಡಿಸಿದ್ದರೆ ಹೊರಡುವ ವಾರ ಅವಧಿಯನ್ನೂ ಮುಂದಿನ ವಿಮಾನದ ಹೊತ್ತನ್ನೂ ಇನ್ನೊಮ್ಮೆ ನೋಡಿ. ಭೂಮಿ ಹಿಗ್ಗಿರುವುದಿಲ್ಲ, ದಾರಿ ಹಿಗ್ಗಿರಬಹುದು.

14. ಅವಧಿ ಗೊತ್ತಿದ್ದರೆ ನಿಮ್ಮ ಹಕ್ಕೂ ಗೊತ್ತಾಗುತ್ತದೆ

ಹಾರಾಟದ ಅವಧಿಗೆ ಹಣದ ಬೆಲೆಯೂ ಇದೆ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ಬ್ಲಾಕ್ ಟೈಮ್ ಎರಡೂವರೆ ಗಂಟೆಯೊಳಗಿನ ವಿಮಾನ ಎರಡು ಗಂಟೆ ತಡವಾದರೆ, ಸಮಯಕ್ಕೆ ಚೆಕ್‌ಇನ್ ಮಾಡಿದವರಿಗೆ ಊಟ ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯ ದಾರಿಗೆ ಈ ಮಿತಿ ಮೂರು ಗಂಟೆ. ಮುಂಬೈಗೆ ಹೊರಟವರು ಎರಡು ಗಂಟೆಯ ತಡಕ್ಕೇ ಕೇಳಬಹುದು, ದೆಹಲಿಗೆ ಹೊರಟವರು ಮೂರು ಗಂಟೆ ಕಾಯಬೇಕು. ಆರು ಗಂಟೆಗೂ ಮೀರಿ ತಡವಾಗುವುದಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಆಯ್ಕೆ ನಿಮ್ಮದು.

ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದಾಗಿನ ಪರಿಹಾರವೂ ಅವಧಿಗೆ ತಕ್ಕಂತೆಯೇ: ಒಂದು ಗಂಟೆಯವರೆಗಿನ ದಾರಿಗೆ 5,000 ರೂ., ಎರಡು ಗಂಟೆಯವರೆಗೆ 7,500 ರೂ., ಅದಕ್ಕೂ ಹೆಚ್ಚಾದರೆ 10,000 ರೂ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಸಿಗುವುದು ಅಷ್ಟೇ. ಮಂಜು, ಮಳೆ, ಮುಷ್ಕರದಂಥ ಕಂಪನಿಯ ಕೈಮೀರಿದ ಕಾರಣಗಳಿಗೆ ಪರಿಹಾರವಿಲ್ಲ. ಕೌಂಟರಿನಲ್ಲಿ ಜಗಳವಾಡುವ ಮೊದಲು ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಎಸ್ಎಂಎಸ್, ಇ–ಮೇಲ್ ಅಳಿಸಬೇಡಿ.

15. ನೆಲದ ಮೇಲಿನ ನಿಮಿಷಗಳನ್ನು ಉಳಿಸಿ

ವಿಮಾನದ ವೇಗ ನಿಮ್ಮ ಕೈಯಲ್ಲಿಲ್ಲ, ನೆಲದ ಮೇಲಿನದು ಇದೆ. ಚುಟುಕಾಗಿ ಕೆಲವು ಉಪಾಯಗಳು:

ಎರಡು ದಿನದ ಕೆಲಸವಾದರೆ 7 ಕೆ.ಜಿ. ಕೈಚೀಲದಲ್ಲೇ ಮುಗಿಸಿ. ಬ್ಯಾಗ್ ಹಾಕುವ ಸಾಲು, ಬೆಲ್ಟಿನ ಮುಂದೆ ಕಾಯುವುದು ಎರಡೂ ತಪ್ಪುತ್ತವೆ.

ಬ್ಯಾಗ್ ಹಾಕುವುದಿದ್ದರೆ ದೇಶದೊಳಗಿನ ವಿಮಾನಗಳ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ ಎಂಬುದು ನೆನಪಿರಲಿ. ಬೋರ್ಡಿಂಗ್ ಗೇಟು ಮುಚ್ಚುವುದು 25 ನಿಮಿಷ ಮೊದಲು. ಟಿಕೆಟ್‌ನಲ್ಲಿ 6.30 ಎಂದಿದ್ದರೆ ನಿಮ್ಮ ಪಾಲಿಗೆ ವಿಮಾನ 6.05ರದು.

ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಸೌಲಭ್ಯ 2022ರ ಡಿಸೆಂಬರ್ 1ರಂದು ಮೊದಲು ಶುರುವಾದ ಮೂರು ನಿಲ್ದಾಣಗಳಲ್ಲಿ ಬೆಂಗಳೂರು, ದೆಹಲಿ ಎರಡೂ ಇದ್ದವು, ಇನ್ನೊಂದು ವಾರಾಣಸಿ. ಹೆಸರು ನೋಂದಾಯಿಸಿದ್ದರೆ ಪ್ರವೇಶದ್ವಾರದ ಸಾಲು ಚಿಕ್ಕದಾಗುತ್ತದೆ.

ಬೆಂಗಳೂರಿನಲ್ಲಿ ಯಾವ ಟರ್ಮಿನಲ್ ಎಂದು ಮನೆಯಲ್ಲೇ ನೋಡಿಕೊಳ್ಳಿ, ಟ್ಯಾಕ್ಸಿ ಹತ್ತಿದ ಮೇಲೆ ಹುಡುಕಬೇಡಿ. ವಾಯುವಜ್ರ ಬಸ್ಸಾದರೆ ಹಿಂದಿನ ದಿನವೇ ಅದರ ವೇಳೆ ನೋಡಿಡಿ.

ದೆಹಲಿಯಲ್ಲಿ ಮೂರನೇ ಟರ್ಮಿನಲ್‌ನಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ನವದೆಹಲಿ ರೈಲು ನಿಲ್ದಾಣಕ್ಕೆ ಸುಮಾರು 20 ನಿಮಿಷದಲ್ಲಿ ಮುಟ್ಟಿಸುತ್ತದೆ. ಕನಾಟ್ ಪ್ಲೇಸ್‌ಗೆ ಹೋಗುವವರು ಒಂದು ನಿಲ್ದಾಣ ಮೊದಲೇ, ಶಿವಾಜಿ ಸ್ಟೇಡಿಯಂನಲ್ಲಿ ಇಳಿಯಬಹುದು.

ಬೆಳಗಿನ ವಿಮಾನದಲ್ಲಿ ಬೆಂಗಳೂರಿನಿಂದ ಉತ್ತರಕ್ಕೆ ಹೋಗುವಾಗ ಬಿಸಿಲು ಬಲಗಡೆ. ಎಡಗಡೆಯ ‘ಎ’ ಕಿಟಕಿ ಹಿಡಿದರೆ ನೆರಳಿನಲ್ಲಿ ಒಂದು ನಿದ್ದೆ ತೆಗೆಯಬಹುದು. ಸಂಜೆ ಹೋಗುವವರು ಬಲಗಡೆ ಕೂರಿ.

ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಟಿಕೆಟ್ ಮಾಡಿಸಿದ ದಿನವೇ ಮೂರು ಹೊತ್ತುಗಳನ್ನು ಫೋನಿನಲ್ಲಿ ಬರೆದಿಡಿ: ಮನೆ ಬಿಡುವುದು, ಗೇಟು ಮುಚ್ಚುವುದು, ಅಲ್ಲಿನ ಬಾಗಿಲು ತಲುಪುವುದು. ಎಷ್ಟು ಕಿ.ಮೀ. ಎಂದು ಯಾರಾದರೂ ಕೇಳಿದರೆ 1,700 ಎಂದು ಹೇಳಿ. ಎಷ್ಟು ಹೊತ್ತು ಎಂದು ಮನೆಯವರು ಕೇಳಿದರೆ ಮಾತ್ರ ಏಳೂವರೆ ಗಂಟೆ ಎನ್ನಿ.